ಸ್ಟೇಷನ್ ಇಲ್ಲದ ಕಲ್ಯಾಣ

ಆ ದಿನಗಳಲ್ಲಿ ದಿಲ್ಲಿ ನಮ್ಮ ಪಾಲಿಗೆ ಊರಾಗಿರಲಿಲ್ಲ, ಬೈಗುಳವಾಗಿತ್ತು. ಅಂಗಡಿಗೆ ಹೋದವಳು ತಡಮಾಡಿ ಬಂದರೆ ಅವ್ವ, "ಸಕ್ಕರಿ ತರಾಕ ದಿಲ್ಲಿಗಿ ಹೋಗಿದ್ದೇನ?" ಎನ್ನುತ್ತಿದ್ದಳು. ಮಾತು ಹೆಚ್ಚಾದರೆ, "ಬಂತು ನೋಡ್ರಿ ದಿಲ್ಲಿ ಸರಕಾರ." ಹಾಗಾಗಿ ಒಂಬತ್ತನೇ ತರಗತಿಯಲ್ಲಿ ಶಿವರಾಜ ಸರ್ ನಮ್ಮನ್ನು ನಿಜವಾಗಿಯೂ ದಿಲ್ಲಿಗೆ ಕರೆದೊಯ್ಯುತ್ತೇನೆ ಎಂದಾಗ ಯಾರೂ ಕುಣಿಯಲಿಲ್ಲ, ಎಲ್ಲರೂ ನಕ್ಕರು. ಅಥವಾ ನಾನೊಬ್ಬಳೇ ನಕ್ಕೆನೋ ಏನೋ. ಅಂಬಿಕಾ ಹೇಳುವ ಪ್ರಕಾರ ಎಲ್ಲರೂ ಕುಣಿದಿದ್ದರು.

ಅಂಬಿಕಾ ನನ್ನ ಬೆಂಚಿನ ಗೆಳತಿ. ಈಗ ರಾಜೇಶ್ವರದಲ್ಲಿ ಹೊಲಿಗೆ ಕಲಿಸುತ್ತಾಳೆ. ಇದನ್ನು ಬರೆಯುವ ಮುನ್ನ ಅವಳಿಗೆ ಫೋನು ಮಾಡಿದ್ದೇ ತಪ್ಪಾಯಿತು. ಇಷ್ಟು ವರ್ಷ ನಾನು ಭದ್ರವಾಗಿಟ್ಟುಕೊಂಡಿದ್ದ ಪ್ರವಾಸ ಒಂದೇ ಮಾತುಕತೆಯಲ್ಲಿ ಅಲುಗಾಡಿಬಿಟ್ಟಿತು. ಆದ್ದರಿಂದ ನನಗೆ ನೆನಪಿರುವುದನ್ನೂ ಅವಳು ಒಪ್ಪದ್ದನ್ನೂ ಜೊತೆಗೇ ಬರೆಯುತ್ತಿದ್ದೇನೆ.

ಇಬ್ಬರೂ ಒಪ್ಪುವ ಮಾತು ಒಂದಿದೆ. ಬಸವಕಲ್ಯಾಣದ ನಮ್ಮ ಶಾಲೆಯಿಂದ ಹುಡುಗಿಯರು ಅಷ್ಟು ದೂರ ಹೊರಟಿದ್ದು ಅದೇ ಮೊದಲು. ಅಪ್ಪಣೆ ಕೇಳಲು ಸರ್ ಮನೆಮನೆಗೆ ಬಂದರು. ನಮ್ಮ ಮನೆಗೆ ಬಂದ ಸಂಜೆ ಅವ್ವ ತೊಗರಿ ಕೊಯ್ಲು ಮುಗಿಸಿ ಆಗಷ್ಟೇ ಬಂದಿದ್ದಳು. ಸೆರಗಿನ ತುಂಬ ತೊಗರಿ ಎಲೆ ಅಂಟಿತ್ತು.

"ತೊಗರಿ ಕೊಯ್ಯೂ ಟೈಮಿಗೇ ದಿಲ್ಲಿ ನೆನಪಾತೇನ್ರಿ ಸರ?"

"ಸೂಟಿ ಈಗೇ ಸಿಗ್ತಾವ ತಂಗಿ. ಏನ್ ಮಾಡ್ಲಿ?"

"ಹುಡುಗೇರು ಅದಾರ್ರಿ. ಏನರ ಹೆಚ್ಚುಕಮ್ಮಿ ಆದ್ರ?"

ಸರ್ ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತರು. "ಕರಕೊಂಡು ಹೋದಂಗ ಕರಕೊಂಡು ಬಂದು ನಿಮ್ಮ ಹೊಸ್ತಿಲಿಗಿ ಬಿಡ್ತೀನಿ. ಇಲ್ಲಂದ್ರ ಮುಂದ ನಮ್ಮ ಶಾಲಿಯಿಂದ ಯಾವ ಹುಡುಗಿನ್ನೂ ಎಲ್ಲಿಗೂ ಕಳಸಬ್ಯಾಡ್ರಿ."

ಅವ್ವ ನನ್ನ ಕಡೆ ನೋಡಿದಳು. "ಇಕಿ ಕಾಲಾಗ ಬುಗರಿ ಅದ್ರಿ ಸರ. ನಿಂತಲ್ಲಿ ನಿಲ್ಲಂಗಿಲ್ಲ. ಕೈ ಬಿಡಬ್ಯಾಡ್ರಿ."

ಕಾಲಲ್ಲಿ ಬುಗುರಿ ಇದ್ದದ್ದು ಸುಳ್ಳಲ್ಲ. ಹೋಗುವ ದಾರಿಯುದ್ದಕ್ಕೂ ನಾನು ಎಲ್ಲಿಯೂ ಕೂತ ನೆನಪಿಲ್ಲ. ಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ನಿಂತೇ ಹೋದೆ. ಹುಮನಾಬಾದ್ ಸ್ಟ್ಯಾಂಡಿನಲ್ಲಿ ಎಲ್ಲರೂ ಚುರುಮುರಿ ಸುಸಲಾ, ಮಿರ್ಚಿ ತಿನ್ನುತ್ತಿದ್ದರೆ ನಾನು ಮುಂದಿನ ಬಸ್ಸು ಬಂತೇನೋ ಎಂದು ಎಣ್ಣೆಗೈಯಲ್ಲೇ ಓಡಾಡುತ್ತಿದ್ದೆ. ಗುಲಬರ್ಗಾದಲ್ಲಿ ರೈಲು ಹತ್ತಿದ ಮೇಲೆ ಹುಡುಗಿಯರು ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದರು. ಹುಣಸೆಬೀಜ ಉರುಳಿಸಿದರು. ಕಡಕ್ ರೊಟ್ಟಿ ಮುರಿಯುವ ಟಪ್ ಟಪ್ ಸದ್ದು, ಗುರೆಳ್ಳು ಹಿಂಡಿಯ ಚಟ್ನಿಪುಡಿ ವಾಸನೆ, ಕಿಟಕಿಯಿಂದ ನುಗ್ಗುವ ತಣ್ಣನೆ ಧೂಳು. ನನ್ನ ಸರದಿ ಬಂದಾಗಲೆಲ್ಲ ನಾನು ಬಾಗಿಲ ಹತ್ತಿರ ಇರುತ್ತಿದ್ದೆ. "ರೇಣೀ, ನಿನ್ನ ಕಾಯಿ ಸತ್ತೂ ನೋಡ!" ಎಂದು ಅಂಬಿಕಾ ಕೂಗುವುದು, ನಾನು ಓಡಿಬರುವುದು, ಅವಳೇ ಕೊಂದಿರುವುದು. ಇದೇ ನಡೆದಿತ್ತು.

ಸರ್ ಸಮಾಜ ಪಾಠದವರು. ರೈಲಿನಲ್ಲೂ ಪಾಠ ಬಿಡಲಿಲ್ಲ.

"ದಿಲ್ಲ್ಯಾಗ ಯಾರರ ತಪ್ಪಿಸಿಕೊಂಡ್ರ ಅಳಕೋತ ಕೂಡಬ್ಯಾಡ್ರಿ. ದೊಡ್ಡವರಿಗಿ ಹೋಗಿ ಕಲ್ಯಾಣದಾಕಿ ಅಂತ ಹೇಳ್ರಿ. ಶರಣರ ಊರು. ಈ ದೇಶದಾಗ ಕಲ್ಯಾಣ ಗೊತ್ತಿಲ್ಲದವರು ಯಾರದಾರ?"

"ಯಾರೂ ಇಲ್ರಿ ಸರ!"

ಹಾಗೆ ನಾವು ಒಟ್ಟಾಗಿ ಕಿರುಚಿದೆವು. ನಮ್ಮ ಕಡೆ ಬಸವಕಲ್ಯಾಣ ಎಂದು ಪೂರಾ ಹೆಸರು ಹೇಳುವವರು ಬಸ್ಸಿನ ಬೋರ್ಡು ಬರೆಯುವವರು ಮಾತ್ರ. ಉಳಿದವರಿಗೆಲ್ಲ ಅದು ಕಲ್ಯಾಣ. ಇನ್ನೊಂದು ಕಲ್ಯಾಣ ಇರಬಹುದೆಂಬ ಯೋಚನೆ ನಮಗೂ ಬರಲಿಲ್ಲ, ಸರ್‌ಗೂ ಬರಲಿಲ್ಲ.

ದಿಲ್ಲಿಯ ಚಳಿ ನಮಗೆ ಹೊಸದು. ಬಾಯಿಂದ ಹೊಗೆ ಬಿಡುವುದೇ ಒಂದು ಆಟವಾಯಿತು. ಕೆಂಪುಕೋಟೆಗೆ ಹೋದ ಬೆಳಿಗ್ಗೆ ಸರ್ ನಮ್ಮನ್ನು ಜೋಡಿಜೋಡಿಯಾಗಿ ನಿಲ್ಲಿಸಿದರು. ನನ್ನ ಜೋಡಿ ಅಂಬಿಕಾ. ಕೋಟೆಯ ಒಳಬಾಗಿಲಲ್ಲಿ ಮೇಲೆ ಕಮಾನು ಮುಚ್ಚಿದ ಒಂದು ಬಜಾರಿದೆ. ಬಳೆ, ಸರ, ಕನ್ನಡಿ ಹಚ್ಚಿದ ಚೀಲ. ಅಂಬಿಕಾ ಬಳೆ ನೋಡುತ್ತ ನಿಂತಳು. ನನಗೆ ಆ ಬಜಾರಿನ ಕೊನೆಯಲ್ಲಿ ಕಾಣುವ ಬೆಳಕಿನಾಚೆ ಏನಿದೆ ನೋಡಬೇಕಿತ್ತು. ಹೋಗಿ ನೋಡಿದೆ. ಹುಲ್ಲು, ಇನ್ನೊಂದು ಬಾಗಿಲು, ಅದರಾಚೆ ಮತ್ತೆ ಹುಲ್ಲು. ತಿರುಗಿ ಬಂದಾಗ ಬಳೆಯಂಗಡಿ ಇತ್ತು, ಅಂಬಿಕಾ ಇರಲಿಲ್ಲ.

ಮುಂದೆ ಎಷ್ಟು ಹೊತ್ತು ಕಳೆಯಿತು ಎಂಬುದು ನನಗೆ ತಿಳಿಯದು. ನನ್ನ ಲೆಕ್ಕದಲ್ಲಿ ಅದು ಒಂದು ಇಡೀ ಮಧ್ಯಾಹ್ನ. "ಛೇ, ಒಂದು ಪೀರಿಯಡ್ ಇರಬೇಕು ತೊಗೋ," ಎನ್ನುತ್ತಾಳೆ ಅಂಬಿಕಾ. "ಮತ್ತ ನೀ ಹೋ ಅಂತ ಅಳಾಕತ್ತಿದ್ದಿ." ನಾನು ಅಳಲಿಲ್ಲ. ಅಳಲಿಲ್ಲ ಎಂದು ಬರೆಯುವಾಗಲೂ ಕೈ ಸ್ವಲ್ಪ ತಡೆಯುತ್ತದೆ.

ನಮ್ಮವರನ್ನು ಹುಡುಕುತ್ತ ಕೋಟೆಯ ಹೊರಗೆ ಬಂದೆ. ಅಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ನಾವು ಬಂದ ಬಸ್ಸು ಯಾವುದೆಂದು ನೋಡುತ್ತಿದ್ದಾಗ ಯಾವುದೋ ಶಾಲೆಯ ಹುಡುಗಿಯರನ್ನು ಬಸ್ಸಿಗೆ ಹತ್ತಿಸುತ್ತಿದ್ದ ಒಬ್ಬ ಟೀಚರ್ ನನ್ನ ಭುಜ ಹಿಡಿದರು. ನೀಲಿ ಸ್ವೆಟರಿನ ದಪ್ಪನೆಯ ಹೆಂಗಸು.

"ಕುಠಲೀ ಗ ತೂ?"

ಎಲ್ಲಿಯವಳೇ ನೀನು, ಎಂದು ಮರಾಠಿಯಲ್ಲಿ. ಹುಲಸೂರು ದಾಟಿದರೆ ನನ್ನ ಅವ್ವನ ತವರು. ಅಲ್ಲೆಲ್ಲ ಮರಾಠಿಯೇ ಮಾತು. ದಿಲ್ಲಿಯಲ್ಲಿ ಅಜ್ಜಿಯ ಭಾಷೆ ಕೇಳಿ ಎದೆ ಹಗುರಾಯಿತು. ಸರ್ ಹೇಳಿಕೊಟ್ಟಿದ್ದನ್ನು ಇಡೀ ರಸ್ತೆಗೆ ಕೇಳುವಂತೆ ಹೇಳಿದೆ:

"ಕಲ್ಯಾಣ!"

"ಮತ್ತೆ ಇಲ್ಲೇನು ಮಾಡ್ತಿದ್ದೀ? ಹತ್ತು, ಹತ್ತು!" ಎಂದು ಆಕೆ ಬೆನ್ನಿಗೆ ಕೈಹಚ್ಚಿ ನನ್ನನ್ನು ಬಸ್ಸಿನೊಳಗೆ ತಳ್ಳಿದರು.

ಸರ್ ಹೇಳಿದ್ದು ಖರೆ ಎಂದುಕೊಂಡೆ. ಕಲ್ಯಾಣ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಇವರು ನನ್ನನ್ನು ಸರ್ ಹತ್ತಿರ ಕರೆದೊಯ್ಯುತ್ತಾರೆ. ಕಿಟಕಿಯ ಪಕ್ಕ ಕೂತೆ. ಪಕ್ಕದ ಹುಡುಗಿ ಕಿತ್ತಳೆ ಬಿಡಿಸಿ ಎರಡು ತೊಳೆ ಕೊಟ್ಟಳು. ಆ ಕಿತ್ತಳೆ ಸಿಪ್ಪೆಯ ಘಾಟು, ಡೀಸೆಲ್ಲಿನ ವಾಸನೆ ಈಗಲೂ ಮೂಗಿನಲ್ಲಿದೆ. ಬಸ್ಸು ಅಲುಗಿತು. ಇಂಜಿನ್ ಶುರುವಾಗಿ ಅಲುಗಿತೋ, ನಿಜವಾಗಿ ಮುಂದೆ ಚಲಿಸಿತೋ, ಅದನ್ನು ಹೇಳಬಲ್ಲವರು ಯಾರೂ ಇಲ್ಲ. ನನ್ನ ನೆನಪಿನಲ್ಲಿ ಕೋಟೆಯ ಗೋಡೆ ಹಿಂದೆ ಸರಿಯುತ್ತಿದೆ.

ಟೀಚರ್ ತಲೆ ಎಣಿಸುತ್ತ ಬಂದರು. ಕೊನೆಯ ಸೀಟು ತಲುಪಿ ಹುಬ್ಬು ಗಂಟಿಕ್ಕಿದರು. ಮತ್ತೆ ಎಣಿಸಿದರು.

"ಏಕ್ ಜಾಸ್ತ!"

ಒಬ್ಬಳು ಹೆಚ್ಚು. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನೂ ನೋಡಿದೆ, ಹೆಚ್ಚಾದವಳು ಯಾರಪ್ಪಾ ಎಂದು.

ಆಕೆ ನನ್ನ ಮುಂದೆ ನಿಂತರು. "ಕಲ್ಯಾಣದಲ್ಲಿ ಎಲ್ಲಿ ನಿನ್ನ ಮನೆ? ಈಸ್ಟಾ, ವೆಸ್ಟಾ?"

ಕಲ್ಯಾಣದಲ್ಲಿ ಈಸ್ಟು ವೆಸ್ಟು ಇರುವುದು ನನಗೆ ಗೊತ್ತಿರಲಿಲ್ಲ. "ಕೋಟೆಯ ಹತ್ತಿರ," ಎಂದೆ.

"ಕಿಲ್ಲಾ? ಹಾಂ, ಹಾಗಾದರೆ ವೆಸ್ಟು," ಎಂದು ಆಕೆಯ ಮುಖ ಸಡಿಲವಾಯಿತು. ಅವರ ಕಲ್ಯಾಣದಲ್ಲೂ ಒಂದು ಕೋಟೆ ಇದೆಯಂತೆ! "ಸ್ಟೇಷನ್‌ನಿಂದ ನಡಕೊಂಡು ಹೋಗ್ತೀಯೋ, ರಿಕ್ಷಾವೋ?"

"ಕಲ್ಯಾಣದಲ್ಲಿ ಸ್ಟೇಷನ್ ಇಲ್ಲ ಬಾಈ," ಎಂದೆ, ನನ್ನ ಹರಕು ಮರಾಠಿಯಲ್ಲಿ. "ರೈಲು ಹತ್ತಬೇಕಂದರೆ ಮೊದಲು ಹುಮನಾಬಾದಿಗೆ ಹೋಗಬೇಕು, ಅಲ್ಲಿಂದ ಗುಲಬರ್ಗಾಕ್ಕೆ ಹೋಗಬೇಕು."

ಬಸ್ಸಿಗೆ ಬಸ್ಸೇ ನಕ್ಕಿತು. ಕಲ್ಯಾಣದಲ್ಲಿ ಸ್ಟೇಷನ್ ಇಲ್ಲವಂತೆ! ಮುಂಬೈ ಬದಿಯ ಆ ಕಲ್ಯಾಣದ ಹುಡುಗಿಯರು ರೈಲಿನ ಸದ್ದಿನಲ್ಲೇ ಹುಟ್ಟಿ ಬೆಳೆದವರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕಿತ್ತಳೆ ಕೊಟ್ಟವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗದಿದ್ದವರು ಇಬ್ಬರೇ, ನಾನು ಮತ್ತು ಆ ಟೀಚರ್. ಆಕೆ ಬಿಳಿಚಿಕೊಂಡಿದ್ದರು. "ಅಯ್ಯೋ ದೇವರೇ, ಯಾರ ಮಗುವೇ ನೀನು?" ಎಂದು ನನ್ನ ಮಣಿಕಟ್ಟು ಹಿಡಿದು ಇಳಿಸಿಕೊಂಡು ಕೋಟೆಯ ಬಾಗಿಲಿಗೆ ಓಡಿದರು. ಆ ವಯಸ್ಸಿನ ಹೆಂಗಸು ಸೀರೆಯಲ್ಲಿ ಹಾಗೆ ಓಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಾಗಿಲ ಹತ್ತಿರ ನಮ್ಮ ತರಗತಿಯವರೆಲ್ಲ ನಿಂತಿದ್ದರು. ಮೊದಲು ಅಂಬಿಕಾ ನುಗ್ಗಿ ಬಂದು ನನ್ನ ಬೆನ್ನಿಗೆ ಗುದ್ದಿದಳು. "ಏ ದೆವ್ವಾ! ಎಲ್ಲಿ ಹಾಳಾಗಿ ಹೋಗಿದ್ದಿ!" ಸರ್ ನೆಲದ ಮೇಲೆ ಕೂತಿದ್ದರು. ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ನನ್ನನ್ನು ನೋಡಿ ಏಳಲಿಲ್ಲ.

ಟೀಚರ್ ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದರು: ಇವಳು ಕಲ್ಯಾಣ ಎಂದಳು, ನಾವು ನಮ್ಮ ಕಲ್ಯಾಣ ಎಂದುಕೊಂಡೆವು.

"ಹಮಾರಾ ಭೀ ಕಲ್ಯಾಣಿಚ್ ಹೈ ಮ್ಯಾಡಮ್," ಎಂದರು ಸರ್, ನಮ್ಮೂರ ದಖ್ಖನಿ ಉರ್ದುವಿನಲ್ಲಿ. ನಮ್ಮದೂ ಕಲ್ಯಾಣವೇ.

"ಕೌನ್ ಸಾ ಕಲ್ಯಾಣ್?" ಯಾವ ಕಲ್ಯಾಣ ಎಂದು ಆಕೆ ಕೇಳಿದರು.

ಸರ್ ಕಲ್ಯಾಣದ ಬಗ್ಗೆ ಗಂಟೆಗಟ್ಟಲೆ ನಿಲ್ಲದೆ ಮಾತಾಡಬಲ್ಲ ಮನುಷ್ಯ. ಚಾಲುಕ್ಯರ ರಾಜಧಾನಿ, ಶರಣರ ಮಹಾಮನೆ, ದೇಶದೇಶದಿಂದ ಜನ ಹುಡುಕಿಕೊಂಡು ಬಂದ ಊರು ಎಂದು ನಮಗೆ ಕಲಿಸಿದವರು. ಅವರು ನನ್ನ ಮುಖ ನೋಡಿದರು, ಆಕೆಯ ಮುಖ ನೋಡಿದರು, ಕೈಮುಗಿದರು. "ಛೋಟಾ ವಾಲಾ," ಎಂದರು.

ಸಣ್ಣದು.

ಹಾಗೆ ಅಂದರು ಎಂದು ನನಗೆ ಅನ್ನಿಸುತ್ತದೆ. ಅಂಬಿಕಾ ಪಕ್ಕದಲ್ಲೇ ಇದ್ದಳು. ಅವಳಿಗೆ ಆ ಮಾತು ಕೇಳಿಸಿಲ್ಲ. "ಸರ ಹಂಗ ಅನ್ನೂ ಮನಷ್ಯಾ ಅಲ್ಲ ಬಿಡ," ಎಂದು ಫೋನಿನಲ್ಲಿ ಸಿಟ್ಟಾದಳು. ಕೇಳೋಣವೆಂದರೆ ಸರ್ ಈಗ ಇಲ್ಲ.

ತಿರುಗಿ ಬರುವ ರೈಲಿನಲ್ಲಿ ಅವರು ನಮಗೆ ಹೊಸ ಪಾಠ ಬಾಯಿಪಾಠ ಮಾಡಿಸಿದರು: ಬಸವಕಲ್ಯಾಣ, ಬೀದರ ಜಿಲ್ಲಾ, ಕರ್ನಾಟಕ. ಮಗ್ಗಿ ಹೇಳುವ ಹಾಗೆ ರಾಗವಾಗಿ ಹೇಳಿದೆವು. ನಾವು ಹೇಳುತ್ತಿದ್ದರೆ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನನಗೆ ಒಂದು ಬೈಗುಳವೂ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು.

ನಮ್ಮ ಹೊಸ್ತಿಲಲ್ಲಿ ಅವ್ವನಿಗೆ, "ತೊಗೋ ತಂಗಿ, ನಿನ್ನ ಬುಗರಿ," ಎಂದರು. ಅವ್ವ ನಕ್ಕಳು. ಹುಡುಗಿಯರಲ್ಲಿ ಒಬ್ಬಳೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆಣೆ ಹಾಕಿಸಿರಲಿಲ್ಲ. ಹೇಳಿದರೆ ಮುಂದಿನ ವರ್ಷದವರು ಹೋಗಲಾಗದು ಎಂಬುದು ಎಲ್ಲರಿಗೂ ತಾನಾಗಿಯೇ ಗೊತ್ತಿತ್ತು. ಮುಂದಿನ ವರ್ಷ ಹುಡುಗಿಯರು ಹೋದರು. ಅದರ ಮುಂದಿನ ವರ್ಷವೂ. ಈಗ ಹೋಗುವವರ ಕೈಯಲ್ಲಿ ಫೋನಿದೆ, ಅವರವರ ಅವ್ವಂದಿರಿಗೆ ದಿಲ್ಲಿಯ ಪ್ರತಿ ಬಾಗಿಲೂ ಮನೆಯಲ್ಲೇ ಕಾಣುತ್ತದೆ. ಹುಮನಾಬಾದಿಗೆ ರೈಲೂ ಬಂದಿದೆ. ನನ್ನಂಥವಳು ಕಳೆದುಹೋಗುವುದು ಈಗ ಕಷ್ಟ, ಅದು ಒಳ್ಳೆಯದೇ.

ನಾನು ಯೂನಿವರ್ಸಿಟಿಗೆಂದು ಹೈದರಾಬಾದಿಗೆ ಬಂದು ಇಲ್ಲೇ ಉಳಿದೆ. ಹೊಸಬರು ಊರು ಕೇಳಿದರೆ, "ಬೀದರ್ ಕಡೆ," ಎನ್ನುತ್ತೇನೆ. ಅವರ ಹುಬ್ಬು ಇನ್ನೂ ಮೇಲೆಯೇ ಇದ್ದರೆ, "ಇಲ್ಲೇ ಹತ್ತಿರ, ಹೈವೇ ಮೇಲೆ," ಎಂದು ಮಾತು ಬದಲಿಸುತ್ತೇನೆ. ಬಸ್ಸಿಗೆ ಬಸ್ಸೇ ನಕ್ಕೀತು ಎಂದು ಯಾವ ಮೂಲೆಯಲ್ಲೋ ಇನ್ನೂ ಅಂಜಿಕೆಯಿದೆಯೋ, ಬರೀ ಸೋಮಾರಿತನವೋ ತಿಳಿಯದು. ಆ ದಿನ ಪರವೂರಿನ ರಸ್ತೆಯಲ್ಲಿ, ನನ್ನವರು ಒಬ್ಬರೂ ಕಾಣದಿದ್ದಾಗ, ಒಂದೇ ಮಾತಿನಲ್ಲಿ ಎದೆತುಂಬ ಕೂಗಿ ಹೇಳಿದ್ದೆ. ಅಷ್ಟು ಜೋರಾಗಿ ನನ್ನ ಊರಿನ ಹೆಸರನ್ನು ನಾನು ಆಮೇಲೆ ಯಾರಿಗೂ ಹೇಳಿಲ್ಲ.