ಬ್ರಾಕೆಟ್ಟಿಗೊಂದು ಕುಟ್ಟು

ಬೀದಿಗೆ ಇನ್ನೂ ಎಚ್ಚರವಾಗಿಲ್ಲ. ಹಾಲಿನ ಗಾಡಿ ಬರುವ ಮೊದಲೇ ಮುಗಿಸಬೇಕೆಂದು ಆಕೆ ಸಾಮಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಸದ್ದು ಮಾರ್ದನಿಸದಂತೆ ಗೋಡೆಗೆ ಹಳೆಯ ಕಂಬಳಿ ಇಳಿಬಿಟ್ಟಿದ್ದಾರೆ. ಒಂದು ಗುಟುಕು ಬಿಸಿನೀರು ಕುಡಿದು ಮೊಬೈಲಿನ ಕೆಂಪು ಗುಂಡಿ ಒತ್ತುತ್ತಾರೆ.

"ಇಳಿಜಾರಿನ ಹಲಗೆ, ಮೇಲೊಂದು ಡಬ್ಬ. ಅಂಗೈಯನ್ನು ಮೇಜಿನ ಮೇಲೆ ಓರೆಯಾಗಿ ಇಟ್ಟುಕೊಳ್ಳಿ, ಅದೇ ಹಲಗೆ. ಕೈ ಓರೆಯಾದರೂ ಡಬ್ಬದ ತೂಕ ನೇರ ಕೆಳಕ್ಕೇ..."

ಅಲ್ಲಿಗೆ ಗಂಟಲು ಕಟ್ಟುತ್ತದೆ. ಅಳಿಸಿ ಮತ್ತೆ ಮೊದಲಿನಿಂದ.

ಕಣ್ಣು ಕಾಣದ ಮಕ್ಕಳಿಗಾಗಿ ಭೌತಶಾಸ್ತ್ರದ ಲೆಕ್ಕಗಳನ್ನು ಬಾಯಿಮಾತಿನಲ್ಲೇ ಬಿಡಿಸಿ ಧ್ವನಿಮುದ್ರಿಸುವುದು ಇವರ ಕೆಲಸ. ಮಕ್ಕಳಿಗೆ ಇವರು 'ಫಿಸಿಕ್ಸ್ ಅಕ್ಕ'. ಬದಲಿ ಶಿಕ್ಷಕಿಯಾಗಿದ್ದಾಗ ಶುರು ಮಾಡಿದ್ದು, ಶಾಲೆ ಬಿಟ್ಟ ಮೇಲೂ ಬಿಟ್ಟಿಲ್ಲ. ಮೊದಲೆಲ್ಲ ದಿನಕ್ಕೆ ನಾಲ್ಕೈದು ಲೆಕ್ಕ ಆಗುತ್ತಿತ್ತು. ಈಗ ಒಂದಾದರೆ ಹೆಚ್ಚು. ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದಿದೆ, ಸೋಮವಾರ ಶಸ್ತ್ರಚಿಕಿತ್ಸೆ. ದನಿ ಮೊದಲಿನಂತೆ ಮರಳುತ್ತದೆಂದು ವೈದ್ಯರು ಮಾತು ಕೊಟ್ಟಿಲ್ಲ. ಉಷ್ಣ, ಚಲನೆಯ ಪಾಠಗಳು ಮುಗಿದಿವೆ. ಬಲದಲ್ಲಿ ಇದೇ ಕೊನೆಯದು. ಬೆಳಕು ಇಡೀ ಬಾಕಿ.

ಬಾಗಿಲಾಚೆ ಗಂಡ ಫ್ಯಾನು ಆರಿಸಿ ಬೆವರುತ್ತ ಕೂತಿದ್ದಾರೆ. "ಮಾತಾಡ್ಬೇಡಿ ಅಂದಿದ್ದಾರೆ ಡಾಕ್ಟ್ರು. ನನ್ನ ಹತ್ರ ಮಾತ್ರ ಅದನ್ನ ಚಾಚೂ ತಪ್ಪದೆ ಪಾಲಿಸ್ತಾಳೆ. ಜಾರೋ ಡಬ್ಬಕ್ಕಿರೋ ಮರ್ಯಾದೆ ನಂಗಿಲ್ಲ," ಎಂದು ನಗುತ್ತಾರೆ. ಕಿವಿ ಮಾತ್ರ ಬಾಗಿಲ ಕಡೆಗೇ.

ಒಳಗಿನಿಂದ ನಡುನಡುವೆ ಟಕ್ ಎಂಬ ಸದ್ದು. ಬೆರಳ ಗೆಣ್ಣಿನಿಂದ ಮೇಜು ಕುಟ್ಟುವುದು: ಬ್ರಾಕೆಟ್ ತೆರೆದರೆ ಒಂದು, ಮುಚ್ಚಿದರೆ ಎರಡು. ಮೊದಲು ಈ ಕುಟ್ಟು ಇರಲಿಲ್ಲ.

ಆಗೊಮ್ಮೆ ಬಿಸಿನೀರಿಗೆ ತಣ್ಣೀರು ಬೆರೆಸುವ ಲೆಕ್ಕ ಓದಿದ್ದರು. ಎಂಬತ್ತು ಡಿಗ್ರಿಯ ನೀರು ಇನ್ನೂರು ಗ್ರಾಂ, ಮೂವತ್ತು ಡಿಗ್ರಿಯದು ಮುನ್ನೂರು ಗ್ರಾಂ. ಒಂದೊಂದರ ತೂಕವನ್ನೂ ಅದರ ಡಿಗ್ರಿಯಿಂದ ಗುಣಿಸಿ, ಎರಡು ಗುಣಲಬ್ಧಗಳನ್ನೂ ಕೂಡಿಸಿ, ಆಮೇಲೆ ಐನೂರರಿಂದ ಭಾಗಿಸಿದರೆ ಐವತ್ತು ಡಿಗ್ರಿ. ಬ್ರಾಕೆಟ್ ಎಲ್ಲಿ ಮುಚ್ಚಿತೆಂದು ಹೇಳದೆ ಅಕ್ಕ ಒಂದೇ ಉಸಿರಿನಲ್ಲಿ ಓದಿಬಿಟ್ಟರು. ಕೇಳಿ ಕಲಿತ ಹುಡುಗಿ ಎರಡನೆಯದನ್ನಷ್ಟೇ ಭಾಗಿಸಿದಳು. ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು.

"ಹದಿನಾರು ಸಾವಿರದ ಹದಿನೆಂಟು ಡಿಗ್ರಿ ಅಂತ ಬರೆಸ್ದೆ," ಎನ್ನುತ್ತಾಳೆ ಆಕೆ. "ಪಕ್ಕದಲ್ಲಿ ಬರ್ಕೊಳ್ತಿದ್ದೋರು ಕಿಸಕ್ಕಂತ ನಕ್ರು. ನಂಗೂ ಅನುಮಾನ ಬಂತು. ಆದ್ರೆ ಅಕ್ಕ ಹೇಳಿದ್ದಲ್ವಾ ಅಂತ ಸುಮ್ನಾದೆ."

ಪಾಸಾಗಲು ಬೇಕಿದ್ದ ಅಂಕ ಆ ಲೆಕ್ಕದಲ್ಲೇ ಹೋಯಿತು. ಓದು ಅಲ್ಲಿಗೇ ನಿಂತಿತು. ಈಗ ಆಸ್ಪತ್ರೆಯೊಂದರಲ್ಲಿ ಫೋನು ಎತ್ತುವ ಕೆಲಸ. ಆದರೂ ಅಕ್ಕನ ಪ್ರತಿ ಲೆಕ್ಕವನ್ನು ಮೊದಲು ಕೇಳುವವಳು ಅವಳೇ. ಅವಳು ಸೈ ಅಂದ ಮೇಲಷ್ಟೇ ಮಕ್ಕಳಿಗೆ. ಕುಟ್ಟುವ ಉಪಾಯ ಅವಳದು. ಗಂಟಲಿನ ತೊಂದರೆಯನ್ನು ಎಲ್ಲರಿಗಿಂತ ಮೊದಲು ಹಿಡಿದವಳೂ ಅವಳೇ. "ಅಕ್ಕಾ, ದನಿ ಎರಡಾಗಿ ಸೀಳ್ತಿದೆ, ತೋರಿಸ್ಕೊಳ್ಳಿ" ಎಂದಿದ್ದಳಂತೆ.

"ಒಂದು ಸಲಾನೂ ಬೈದಿಲ್ಲ ಅವಳು," ಅಕ್ಕ ಪಿಸುಗುಟ್ಟುತ್ತಾರೆ. "ಬೈದಿದ್ರೆ ಹಗುರಾಗ್ತಿತ್ತು."

ಬೆಳಕನ್ನು ಕೊನೆಗಿಟ್ಟದ್ದು ಅಂಜಿಕೆಯಿಂದ. ಬೆಳಕನ್ನೇ ಕಾಣದವರಿಗೆ ಕಿರಣವನ್ನು ಹೇಗೆ ಹೇಳುವುದು? ದಾರ ಬಿಗಿಯಾಗಿ ಹಿಡಿಯಲು ಹೇಳಬೇಕು, ಮಸೂರದ ಹತ್ತಿರ ಬಗ್ಗಿಸಬೇಕು. "ನಮಗೇನೂ ಭಯ ಇಲ್ಲಕ್ಕ, ನಿಮಗೇ ಭಯ," ಎಂದು ಆ ಹುಡುಗಿ ಛೇಡಿಸುತ್ತಾಳೆ.

ಸೋಮವಾರದೊಳಗೆ ಅದು ಮುಗಿಯುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಉಳಿದದ್ದನ್ನು ಆ ಹುಡುಗಿಯೇ ಓದಿ ಮುದ್ರಿಸಬೇಕೆಂಬುದು ಅಕ್ಕನ ಆಸೆ. "ಫೇಲಾದವಳ ಮಾತು ಯಾರು ನಂಬ್ತಾರೆ?" ಎಂದು ಅವಳು ಜಾರಿಕೊಳ್ಳುತ್ತಿದ್ದಾಳೆ.

ಹೊರಗೆ ಹಾಲಿನ ಗಾಡಿ ಬಂತು. ಅಕ್ಕ ಕೆಂಪು ಗುಂಡಿ ಆರಿಸುತ್ತಾರೆ. ಲೆಕ್ಕ ಅರ್ಧಕ್ಕೇ ನಿಂತಿದೆ.

"ನನ್ನ ದನಿ ಬರ್ಲಿ, ಬಿಡ್ಲಿ," ಎನ್ನುತ್ತಾರೆ, ಗಂಟಲಿಗೆ ಕೈ ಒತ್ತಿಕೊಂಡು. "ಅವಳು ಹೂಂ ಅಂದ್ರೆ ಸಾಕು. ಬ್ರಾಕೆಟ್ ಮುಚ್ಚೋದು ಮರೆತ್ರೆ ಏನಾಗುತ್ತೆ ಅಂತ ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"