ಹಿಂದೆ ಕಟ್ಟಿದ ಕಣಿಕಿ

ಚಕ್ಕಡಿಯ ಹಿಂಬದಿಗೆ ಒಂದು ಸಿವುಡು ಜೋಳದ ಕಣಿಕಿ ಕಟ್ಟದೆ ನಮ್ಮ ಕಡೆ ಯಾರೂ ದೂರದ ಹಾದಿ ಹಿಡಿಯುವುದಿಲ್ಲ. ಎತ್ತುಗಳಿಗೆ ಅದೇ ಬುತ್ತಿ. ಆದರೆ, ಗೆಳೆಯಾ, ಆ ಬುತ್ತಿಯ ಮೇಲೆ ಹಿಂದೆ ಬರುವವನ ಎತ್ತುಗಳಿಗೂ ಕಣ್ಣು. ಅವು ಮೂತಿ ಚಾಚಿ ಒಂದೊಂದೇ ದಂಟು ಎಳೆದು ಮೆಲ್ಲುತ್ತ, ಮುಂದಿನ ಬಂಡಿಗೆ ಅಂಟಿಕೊಂಡೇ ನಡೆಯುತ್ತಿದ್ದರೆ, ಅವುಗಳ ಯಜಮಾನ ಹಗ್ಗ ಸಡಿಲಬಿಟ್ಟು ಸುಖವಾಗಿ ತೂಕಡಿಸುತ್ತಾನೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಆ ಯಜಮಾನರಲ್ಲಿ ನಾನೂ ಒಬ್ಬನಾಗಿದ್ದೆ, ಸುಳ್ಳೇಕೆ ಹೇಳಲಿ?

ನರಗುಂದದ ಕೋಟೆಯಲ್ಲಿ ಇನ್ನೂ ಸಂಸ್ಥಾನದ ನಗಾರಿ ಕೇಳುತ್ತಿದ್ದ ಕಾಲ. ಆ ಊರಿಗೆ ಕೊಟ್ಟಿದ್ದ ನನ್ನ ತಂಗಿ ಗಂಗವ್ವನನ್ನು ಚೊಚ್ಚಲ ಬಾಣಂತನಕ್ಕೆಂದು ನಮ್ಮೂರು ಗಜೇಂದ್ರಗಡಕ್ಕೆ ಕರೆತರುತ್ತಿದ್ದೆ. ಏಳು ತಿಂಗಳು ತುಂಬಿದ ಬಸುರಿ. ಕೌದಿಯ ಮೇಲೆ ಕೌದಿ ಹಾಸಿ ಮಲಗಿಸಿದ್ದರೂ ಗಾಲಿ ಒಂದು ಕಲ್ಲು ಹತ್ತಿಳಿದರೆ ಅವಳಿಗಿಂತ ಮೊದಲು ನನ್ನೆದೆ ಧಸಕ್ಕೆನ್ನುತ್ತಿತ್ತು. ಯಾವಗಲ್ಲಿನಲ್ಲಿ ದಾವಲಸಾಬ ಕಾಕಾ ಜೊತೆಯಾದ. ಹತ್ತಿಯ ಅಂಡಿಗೆ ಹೇರಿಕೊಂಡು ಗಜೇಂದ್ರಗಡದ ಪೇಟೆಗೆ ಹೊರಟಿದ್ದ ಮುದುಕ. ರೋಣದ ಬಾವಿಕಟ್ಟೆಯಲ್ಲಿ ತನ್ನ ಬುತ್ತಿಯ ಬೆಲ್ಲವನ್ನೆಲ್ಲ ತಂಗಿಯ ಉಡಿಗೆ ಹಾಕಿದ. ಅಲ್ಲಿಂದ ಅವನ ಬಂಡಿ ಮುಂದೆ, ನನ್ನದು ಹಿಂದೆ, ನನ್ನ ಎತ್ತುಗಳ ಬಾಯಿ ಅವನ ಕಣಿಕಿಯಲ್ಲಿ.

ರಾಜೂರು ದಾಟಿ ಗುಡ್ಡದ ಏರು ಎದುರಾದಾಗ ಕಾಕಾ ಬಂಡಿ ನಿಲ್ಲಿಸಿ ಇಳಿದ. ಹಿಂದಿನ ಸಿವುಡು ಬಿಚ್ಚಿ, ಮುಂದಕ್ಕೊಯ್ದು ತನ್ನ ಕಾಲಬುಡದಲ್ಲಿ ಇಟ್ಟುಕೊಂಡ. ನನಗೆ ಮೈಯೆಲ್ಲ ಉರಿಯಿತು.

"ನಾಕು ದಂಟು ತಿಂದದ್ದಕ್ಕ ಇಷ್ಟ ಸಿಟ್ಟೇನ್ರಿ ಕಾಕಾ?" ಎಂದೆ.

"ಏರು ಮುಗಿದ ಮ್ಯಾಲ ಎಲ್ಲಾ ತಿನ್ನಲಿ ತಮ್ಮಾ. ಈಗ ಹಿಂದ ಉಳಿ," ಎಂದ, ತಿರುಗಿಯೂ ನೋಡದೆ.

ಬೆಲ್ಲ ಕೊಟ್ಟ ಕೈಗೆ ಹುಲ್ಲು ಭಾರವಾಯಿತೇ! ಅವನ ನೆರಳೂ ಬೇಡವೆಂದು ಹಲ್ಲು ಕಚ್ಚಿ ಹಗ್ಗ ಜಗ್ಗಿ ಹಿಡಿದೆ. ಮೂರು ಬಂಡಿ ನಿಲ್ಲುವಷ್ಟು ಹಿಂದೆ ಬಿದ್ದೆ. ಅದು ಜಾಣತನವಲ್ಲ, ಬರೀ ಮುನಿಸು.

ಏರಿನ ಅರ್ಧದಲ್ಲಿ ಅವನ ಎಡದೆತ್ತಿನ ಕೊರಳಪಟ್ಟಿ ಹರಿಯಿತು. ನೊಗ ಕಳಚಿ, ಹತ್ತಿ ತುಂಬಿದ ಬಂಡಿ ಕಿರುಗುಟ್ಟುತ್ತ ನಮ್ಮತ್ತ ಉರುಳತೊಡಗಿತು. ಗಂಗವ್ವ "ಅಣ್ಣಾ" ಎಂದು ಹೊಟ್ಟೆ ಹಿಡಿದುಕೊಂಡಳು. ನಾನು ಧುಮುಕಿ ಓಡಿದೆ. ಕೈಗೆ ಸಿಕ್ಕ ಗುಂಡುಕಲ್ಲನ್ನು ಗಾಲಿಯ ಹಿಂದೆ ಒತ್ತಿದೆ. ಕಲ್ಲು ಒಂದಿಷ್ಟು ಜಾರಿತು, ಆಮೇಲೆ ಕಚ್ಚಿತು. ನನ್ನ ಎತ್ತುಗಳ ಕೊಂಬಿಗೂ ಅವನ ಬಂಡಿಗೂ ನಡುವೆ ಉಳಿದದ್ದು ಒಂದು ಮೊಳ.

ಕಾಕಾ ತನ್ನ ಎತ್ತನ್ನು ನೋಡಲಿಲ್ಲ. ನೇರ ನನ್ನ ಬಂಡಿಯ ಬಳಿಗೆ ಬಂದು, "ತಂಗಿ ಚಲೋ ಅದಾಳಲ್ಲಾ?" ಎಂದ. ಅವಳು ಹೂಂಗುಟ್ಟಿದ ಮೇಲೆ ನನ್ನ ಕಡೆ ತಿರುಗಿ, "ಇಳಿದು ಗಾಲಿಗೆ ಕಲ್ಲು ಕೊಡುವಷ್ಟು ಜಾಗಾ ಬೇಕಪಾ, ಅಷ್ಟ," ಎಂದ. ಏರು ಮುಗಿದ ಮೇಲೆ ಆ ಸಿವುಡನ್ನು ಮೊದಲು ನನ್ನ ಎತ್ತುಗಳಿಗೇ ಹಾಕಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಅಂತಃಕರಣವೆಂದರೆ ಹತ್ತಿರ ಬರುವುದೆಂದೇ ನಾನು ತಿಳಿದಿದ್ದೆ, ಗೆಳೆಯಾ. ನಮ್ಮ ಜೀವಕ್ಕಾಗಿ ನಮ್ಮನ್ನೇ ದೂರವಿಟ್ಟು, ಜಿಪುಣನೆಂಬ ಹೆಸರನ್ನೂ ಹೊತ್ತುಕೊಳ್ಳುವ ಅಂತಃಕರಣವೂ ಇದೆ ಎಂಬುದನ್ನು ಆ ಮುದುಕ ಕಲಿಸಿದ.

ಈಗಲೂ ಏರು ಬಂದರೆ ನಾನು ಇಳಿದು ಹಿಂದಿನ ಕಣಿಕಿ ಬಿಚ್ಚುತ್ತೇನೆ. ಹಿಂದಿನ ಬಂಡಿಯವನು ಗೊಣಗುವುದು ಕಿವಿಗೆ ಬೀಳುತ್ತದೆ. ಬೈಯಲಿ ಬಿಡು, ಬೈಯುವಷ್ಟು ಹೊತ್ತು ಹಿಂದೆ ಉಳಿದಿರುತ್ತಾನೆ.