ಕಾಂಡ್ಲಾ ತೊಲೆಯಷ್ಟೇ ಅಗಲ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆಲ್ಲ ಉಳಿ, ಕೊಡತಿ, ಒಮಾನಿಗೆ ಬಂದು ರುಸೈಲಿನ ಬಾಗಿಲು ಫ್ಯಾಕ್ಟರಿ. ಈಗ ಬೌಷರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಇಲ್ಲೇ ಆರ್ಕಿಟೆಕ್ಚರ್ ಓದುತ್ತಾಳೆ. ಅವಳ ಸುದ್ದಿ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ ಮಾರಾಯ್ರೆ!

ಆಫ್ರಿಕಾದಿಂದ ಬಂದ ಕಪ್ಪು ಜನರ ಗುರುತು ಒಮಾನಿನ ಹಳೇ ಮನೆಗಳಲ್ಲಿ ಎಲ್ಲಿದೆ? ಅವಳ ಕೊನೇ ವರ್ಷದ ಪ್ರಾಜೆಕ್ಟು ಇದೇ. "ಕಥೆ ಚೆನ್ನಾಗಿದೆ, ಕಟ್ಟಡದಲ್ಲಿ ತೋರಿಸು" ಎಂದು ಮೇಷ್ಟ್ರು ಒಮ್ಮೆ ವಾಪಸ್ ಕಳಿಸಿದ್ದರು. ಇನ್ನೊಮ್ಮೆ ವಾಪಸಾದರೆ ವರ್ಷವೇ ಹೋಯಿತು. ಮಗು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಸುವೈಕ್ ಎಂಬ ಊರಲ್ಲಿ ಅವಳ ಗೆಳತಿಯ ಅಜ್ಜಿಯದೊಂದು ಹಳೇ ಮಣ್ಣಿನ ಮನೆ. ಅಳೆಯಲು ಹೋದೆವು, ಟೇಪಿನ ತುದಿ ಹಿಡಿಯುವ ಕೆಲಸ ನನ್ನದು. ನಾಲ್ಕು ಕೋಣೆ, ಉದ್ದ ಒಂದೊಂದು ತರಹ. ಅಗಲ ಮಾತ್ರ ಎಲ್ಲಕ್ಕೂ ಒಂದೇ.

"ಅಜ್ಜ, ಟೇಪ್ ಸರಿ ಹಿಡೀರಿ!" ಎಂದು ಗದರಿದಳು.

ಮತ್ತೆ ಅಳೆದರೂ ಅಷ್ಟೇ. ನಾನು ಮೇಲೆ ನೋಡಿದೆ. ಗೋಡೆಯಿಂದ ಗೋಡೆಗೆ ದುಂಡನೆಯ ತೊಲೆಗಳು. ಗರಗಸ ತಾಗದ ಮರ, ನಮ್ಮೂರ ಅಳಿವೆಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಜಾತಿಯದು.

"ಮಗಾ, ಟೇಪು ಬಿಡು. ತೊಲೆ ಎಷ್ಟುದ್ದವೋ ಕೋಣೆ ಅಷ್ಟೇ ಅಗಲ. ಆಚಾರಿ ಮೊದಲು ಮೇಲಿನ ಮಾಡು ನೋಡ್ತಾನೆ, ಆಮೇಲೆ ಗೋಡೆ."

ಮರ ಎಲ್ಲಿಯದೆಂದು ಆ ಮನೆಯ ಅಜ್ಜಿಯನ್ನು ಹಿಂದಿಯಲ್ಲಿ ಕೇಳಿದೆ.

"ಜಂಜಿಬಾರಿನ ಕಡೆಯದು. ಕೆಸರಲ್ಲಿ ನಿಂತು ಕಡಿದವನು ನನ್ನ ಅಜ್ಜನ ಅಪ್ಪ. ಅದೇ ಹಡಗಲ್ಲಿ ಅವನನ್ನೂ ತಂದರು. ಬರ್ತೀಯಾ ಅಂತ ಯಾರೂ ಕೇಳಲಿಲ್ಲ."

ಮೊಮ್ಮಗಳು ನೆಲದ ಮೇಲೇ ಕೂತು ಬರೆದುಕೊಂಡಳು. ನಾನು ತೊಲೆ ನೋಡುತ್ತಾ ಕಣ್ಣೊರೆಸಿಕೊಂಡೆ. ಅಜ್ಜಿಯೇ ಖರ್ಜೂರದ ತಟ್ಟೆ ನನ್ನ ಕಡೆ ತಳ್ಳಿ, "ತಿನ್ನಯ್ಯ, ಅತ್ತರೆ ಮಣ್ಣಿನ ಗೋಡೆ ಕರಗ್ತದೆ" ಎಂದರು.

ಕಾಲೇಜಿನಲ್ಲಿ ತೋರಿಸುವ ದಿನ ನಾನೂ ಸುವೈಕಿನ ಅಜ್ಜಿಯೂ ಹೋದೆವು. ಮೊದಲ ಹಾಳೆಯಲ್ಲಿ ಮನೆ ಇರಲಿಲ್ಲ, ಒಂದು ತೊಲೆ, ಅದನ್ನು ಹೊತ್ತ ಒಬ್ಬ ಮನುಷ್ಯ. ಅಲ್ಲಿಂದ ಕೋಣೆ, ಮನೆ, ಕೇರಿ. ಅವಳ ಇಂಗ್ಲಿಷು ನನಗೆ ಅರ್ಧವೂ ತಿಳಿಯಲಿಲ್ಲ, ಚಿತ್ರ ಎಲ್ಲ ತಿಳಿಯಿತು. ಮೇಷ್ಟ್ರು ಕನ್ನಡಕ ತೆಗೆದು ಹತ್ತಿರ ಬಂದು ನೋಡಿದರು. "ಇದನ್ನು ಯಾರು ಹೇಳಿಕೊಟ್ಟರು?"

ಅವಳು ನಾವಿಬ್ಬರು ಕೂತಿದ್ದ ಹಿಂದಿನ ಸಾಲಿಗೆ ಕೈ ತೋರಿಸಿದಳು, ನಾವು ಎದ್ದು ನಿಂತೆವು. ಪಾಸ್ ಎಂದು ಮೇಷ್ಟ್ರು ಅಲ್ಲೇ ಹೇಳಿದರು. ಎಲ್ಲರೂ ನಮ್ಮ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ನಾಚಿ ಕೂರಲು ಹೊರಟರೆ ಅಜ್ಜಿ ನನ್ನ ತೋಳು ಹಿಡಿದು ಎಬ್ಬಿಸಿದರು.

"ಯಲ್ಲಾ, ಏಳು, ನಿಲ್ಲಯ್ಯ! ಅವರ ಚಪ್ಪಾಳೆ ಇನ್ನೂ ಮುಗಿದಿಲ್ಲ."